ಖಂಡೇನವಮಿಯ ಬಂದೂಕು

೨೦೨೨ರ ಜೂನ್ ತಿಂಗಳಲ್ಲಿ ನನ್ನನ್ನು ಸೊಲ್ಲಾಪುರ ನಗರದಿಂದ ಅಕ್ಕಲಕೋಟೆ ತಾಲ್ಲೂಕಿನ ಒಂದು ಪೊಲೀಸ್ ಠಾಣೆಗೆ ವರ್ಗ ಮಾಡಿದರು. ಹುದ್ದೆ ಸಹಾಯಕ ಫೌಜದಾರ. ಹವಾಲ್ದಾರನಿಗಿಂತ ಒಂದು ಮೆಟ್ಟಿಲು ಮೇಲೆ, ಅಧಿಕಾರಿಗಿಂತ ಒಂದು ಮೆಟ್ಟಿಲು ಕೆಳಗೆ, ಎರಡೂ ಕಡೆಯ ಬೈಗುಳಕ್ಕೆ ಸುಲಭವಾಗಿ ಸಿಗುವ ಜಾಗ ಅದು. ನಿವೃತ್ತಿಗೆ ಮೂರು ವರ್ಷ ಉಳಿದಿತ್ತು. ಠಾಣೆಯ ಹೆಸರನ್ನೂ ಊರಿನ ಹೆಸರನ್ನೂ ಇಲ್ಲಿ ಹೇಳುವುದಿಲ್ಲ, ಜನರ ಹೆಸರುಗಳನ್ನು ಬದಲಿಸಿದ್ದೇನೆ. ತಪ್ಪು ಮಾಡಿದವನನ್ನು ಮಾತ್ರ ಬದಲಿಸಲಾಗಲಿಲ್ಲ, ಏಕೆಂದರೆ ಇದನ್ನು ಬರೆಯುತ್ತಿರುವವನು ಅವನೇ.

ನನಗೆ ಕೊಟ್ಟ ಕೆಲಸ ಎರಡು. ಜಪ್ತಿಯಾದ ಮತ್ತು ಠೇವಣಿಗೆ ಬಂದ ವಸ್ತುಗಳನ್ನಿಡುವ ಮುದ್ದೇಮಾಲು ಕೋಣೆಯ ಉಸ್ತುವಾರಿ ಒಂದು, ಬಂದೂಕು ಪರವಾನಗಿಗಳ ಸ್ಥಳ ವಿಚಾರಣೆ ಇನ್ನೊಂದು. ಈ ಭಾಗದ ಹಳ್ಳಿಗಳಲ್ಲಿ ಜನ ಮಾತಾಡುವುದು ಕನ್ನಡ, ಸರಕಾರ ಓದುವುದು ಮರಾಠಿ. ನಾನು ಅಕ್ಕಲಕೋಟೆಯ ಕನ್ನಡ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಕಲಿತವನು. ಮರಾಠಿ ಬರಹ ಆಮೇಲೆ ಕಲಿತದ್ದಾದರೂ ಅಕ್ಷರ ದುಂಡಗಿವೆ ಎಂದು ಬಂದ ಸಾಹೇಬರೆಲ್ಲ ಹೊಗಳುತ್ತಿದ್ದರು. ಹೊಗಳಿದರೆ ಉಬ್ಬುವ ಸ್ವಭಾವ ನನ್ನದು. ಹಾಗಾಗಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಜನ ಕನ್ನಡದಲ್ಲಿ ಹೇಳಿದ್ದನ್ನು ಮರಾಠಿಯಲ್ಲಿ ಬರೆದುಕೊಂಡು, ಓದಿ ಹೇಳಿ, ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಿಸಿಕೊಂಡಿದ್ದೇನೆ. ಹೇಳಿದ್ದೆಲ್ಲ ಬರೆದಿದ್ದೇನೆಯೇ ಎಂದು ಯಾರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ.

ಠಾಣೆಯ ಸರಹದ್ದಿನಲ್ಲಿ ಮೂವತ್ತೆಂಟು ಪರವಾನಗಿ ಬಂದೂಕುಗಳಿದ್ದವು. ಹೆಚ್ಚಿನವು ಬೆಳೆ ರಕ್ಷಣೆಗೆಂದು ಅಜ್ಜಂದಿರ ಕಾಲದಲ್ಲಿ ಪಡೆದವು. ಜನ ಅದಕ್ಕೆ ಠಾಸಣಿ ಬಂದೂಕು ಎನ್ನುತ್ತಾರೆ. ಅದಕ್ಕೆ ಕಾರ್ಟ್ರಿಜ್ ಇರುವುದಿಲ್ಲ. ನಳಿಕೆಯ ಬಾಯಿಯಿಂದ ಮದ್ದು ಸುರಿದು, ಬಟ್ಟೆಯ ಚಿಂದಿ ತುರುಕಿ, ಛರ್ರೆ ಎಂಬ ಸೀಸದ ಸಣ್ಣ ಗುಂಡುಗಳನ್ನು ಹಾಕಿ, ಉದ್ದನೆಯ ಗಜದಿಂದ ಜಡಿಯಬೇಕು. ಹಿಂದಿನ ತೂತಿನ ಮೇಲೆ ಸಣ್ಣದೊಂದು ಕೇಪು ಕೂರಿಸಬೇಕು, ಕುದುರೆ ಎಂಬ ಪುಟ್ಟ ಸುತ್ತಿಗೆ ಬಡಿದರೆ ಕೇಪು ಸಿಡಿದು ಮದ್ದಿಗೆ ಬೆಂಕಿ ಹತ್ತುತ್ತದೆ. ಈ ಬಂದೂಕನ್ನು ತುಂಬುವುದು ಸುಲಭ, ಖಾಲಿ ಮಾಡುವುದು ಕಷ್ಟ. ತಿರುಪಿನ ಮೊನೆಯಿರುವ ಬೇರೆ ಗಜದಿಂದ ಚಿಂದಿಯನ್ನು ಹೊರಗೆಳೆಯಬೇಕು, ಆ ಕಸುಬು ಬಲ್ಲವರು ಸೊಲ್ಲಾಪುರದಲ್ಲೇ ಒಬ್ಬಿಬ್ಬರು. ಹಳ್ಳಿಯವರಿಗೆ ಗೊತ್ತಿರುವ ದಾರಿ ಒಂದೇ, ಹಾರಿಸುವುದು. ತುಂಬಿದೆಯೋ ಇಲ್ಲವೋ ಎಂಬುದು ಹೊರಗಿನಿಂದ ಕಾಣುವುದಿಲ್ಲ. ಗಜವನ್ನು ನಳಿಕೆಯೊಳಗೆ ಬಿಟ್ಟು, ಅದು ತಳ ಮುಟ್ಟದೆ ನಾಲ್ಕು ಬೆರಳು ಮೇಲೆಯೇ ನಿಂತರೆ ಒಳಗೆ ಮದ್ದಿದೆ ಎಂದು ತಿಳಿಯಬೇಕು. ಇದನ್ನು ಮೊದಲ ವಾರದಲ್ಲೇ ನನಗೆ ಕಲಿಸಿದ್ದರು.

ಕಾಯ್ದೆಯ ವಿಷಯವನ್ನೂ ಸ್ವಲ್ಪ ಹೇಳಬೇಕು. ೨೦೧೯ರ ಡಿಸೆಂಬರಿನಲ್ಲಿ ಶಸ್ತ್ರಾಸ್ತ್ರ ಕಾಯ್ದೆಗೆ ತಿದ್ದುಪಡಿಯಾಯಿತು. ಒಬ್ಬ ಮೂರು ಬಂದೂಕು ಇಟ್ಟುಕೊಳ್ಳಬಹುದಿತ್ತು, ಅದು ಎರಡಕ್ಕೆ ಇಳಿಯಿತು. ಮದುವೆ, ಹಬ್ಬ, ಮೆರವಣಿಗೆಯಲ್ಲಿ ಸಂಭ್ರಮಕ್ಕೆಂದು ಗುಂಡು ಹಾರಿಸಿ ಜನರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡೂ. ಪರವಾನಗಿಯ ಅವಧಿ ಮಾತ್ರ ಮೂರರಿಂದ ಐದು ವರ್ಷಕ್ಕೆ ಏರಿತು. ಒಂದು ಕೈಯಿಂದ ಬಿಗಿ ಮಾಡಿ ಇನ್ನೊಂದು ಕೈಯಿಂದ ಸಡಿಲ ಬಿಟ್ಟಂತೆ ಎಂದು ನಾವು ಠಾಣೆಯಲ್ಲಿ ಆಡಿಕೊಳ್ಳುತ್ತಿದ್ದೆವು.

೨೦೨೩ರ ಮೇ ತಿಂಗಳಲ್ಲಿ ಗುರಪ್ಪ ಪಾಟೀಲರ ಪರವಾನಗಿ ನವೀಕರಣಕ್ಕೆ ಬಂತು. ಬೋರಿ ನದಿಯ ದಂಡೆಯ ಊರು, ಕಬ್ಬು ಮತ್ತು ಸೇಂಗಾ ಬೆಳೆಯುವ ಮನೆತನ. ಗುರಪ್ಪನವರಿಗೆ ಆಗ ಎಪ್ಪತ್ತೊಂದು. ನೇರ ನಡೆಯ ಮನುಷ್ಯ, ಮಾತು ಕೊಟ್ಟರೆ ತಪ್ಪುವವರಲ್ಲ ಎಂದು ಊರೆಲ್ಲ ಹೇಳುತ್ತಿತ್ತು, ಅದು ನಿಜವೂ ಆಗಿತ್ತು. ಮಗ ಮಲ್ಲಿನಾಥ, ಸೊಸೆ ಮಹಾದೇವಿ, ಇಬ್ಬರು ಮೊಮ್ಮಕ್ಕಳು, ಎರಡೂ ಹೆಣ್ಣು. ಬಂದೂಕು ಅಡುಗೆಮನೆಯ ಬಾಗಿಲ ಮೇಲಿನ ಗೂಟಕ್ಕೆ ಹುರಿಯಿಂದ ತೂಗುಬಿದ್ದಿತ್ತು. ಅದರ ಕೆಳಗೇ ಒಲೆ. ರೊಟ್ಟಿ ಬಡಿಯುವವಳ ತಲೆಯ ಮೇಲೆ ಸರಿಯಾಗಿ ನಳಿಕೆ.

ನನ್ನ ಕೆಲಸದ ರೀತಿ ಹೀಗಿತ್ತು. ಹಳ್ಳಿಗೆ ಹೋಗುವ ಮೊದಲೇ ಠಾಣೆಯಲ್ಲಿ ಕುಳಿತು ವರದಿಯ ಮುಕ್ಕಾಲು ಭಾಗ ಬರೆದಿಟ್ಟುಕೊಳ್ಳುತ್ತಿದ್ದೆ. ಅರ್ಜಿದಾರನ ನಡತೆ ಚೆನ್ನಾಗಿದೆ, ಹಂದಿಗಳ ಕಾಟವಿದೆ, ನೆರೆಯವರ ಅಡ್ಡಿಯಿಲ್ಲ, ಮನೆಯ ಹೆಂಗಸರ ಹರಕತ್ ಇಲ್ಲ. ಹರಕತ್ ಎಂದರೆ ತಕರಾರು. ಊರಿಗೆ ಹೋಗಿ ಹೆಸರು, ವಯಸ್ಸು, ಬಂದೂಕಿನ ನಂಬರು ತುಂಬಿ ಸಹಿ ಹಾಕಿಸಿಕೊಂಡರೆ ಮುಗಿಯಿತು. ದಿನಕ್ಕೆ ನಾಲ್ಕು ಊರು ಮಾಡಬೇಕಾದವನು ಬೇರೇನು ಮಾಡಬೇಕು ಎಂದು ಆಗ ನನ್ನ ವಾದ.

ಗುರಪ್ಪನವರು ಸಹಿ ಹಾಕಿ ಚಹಾ ತರಿಸಿದರು. ಕಪ್ಪು ಬಸಿ ಕೆಳಗಿಟ್ಟ ಮೇಲೂ ಮಹಾದೇವಿ ಒಳಗೆ ಹೋಗಲಿಲ್ಲ. ಹೊಸ್ತಿಲ ಮೇಲೆಯೇ ನಿಂತು, ಸೆರಗನ್ನು ಸರಿಮಾಡಿಕೊಂಡು, ಮೆಲ್ಲಗೆ ಹೇಳಿದಳು.

“ಸಾಹೇಬ್ರ, ನಂದೂ ಒಂದ ಮಾತ ಬರೀರಿ. ನನಗ ಅದು ಮನ್ಯಾಗ ಬ್ಯಾಡ್ರಿ. ನನ್ನ ತವರಮನಿ ಮಂದ್ರೂಪದಾಗ ನಮ್ಮಣ್ಣಂದು ಇಂಥಾದಾ ಬಂದೂಕ ಒಡದು ಬಲಗೈ ಹೋಗೇತ್ರಿ. ಅದರ ಬುಡಕ ಕೂತ ರೊಟ್ಟಿ ಬಡಿಯೂ ಮುಂದ ಘಳಿಗಿಗೊಮ್ಮೆ ಮ್ಯಾಲ ನೋಡತೀನ್ರಿ.”

ಗುರಪ್ಪನವರು ಸಿಟ್ಟಾಗಲಿಲ್ಲ, ನಕ್ಕರು. “ಆಕಿ ಹೆದರಪುಕ್ಕಿ. ಚಾ ಆರತೈತಿ ತಗೋರಿ ಜಮಾದಾರ್ರ.”

ಮೂರನೆಯ ಪುಟದಲ್ಲಿ ನನ್ನದೇ ದುಂಡನೆಯ ಅಕ್ಷರದಲ್ಲಿ ಹೆಂಗಸರ ಹರಕತ್ ಇಲ್ಲ ಎಂದು ಆಗಲೇ ಇತ್ತು, ಕೆಳಗೆ ಸಹಿಯೂ ಬಿದ್ದಿತ್ತು. ಅದನ್ನು ಹೊಡೆದುಹಾಕಿದರೆ ಹೊಸದಾಗಿ ಐದು ಪುಟ ಬರೆಯಬೇಕು, ಪಂಚರನ್ನು ಮತ್ತೆ ಕರೆಸಬೇಕು. ಮುಂದಿನ ಊರಿನವರು ಕಾಯುತ್ತಿದ್ದರು. “ಆಗಲಿ ತಂಗಿ, ನೋಡೂಣು” ಎಂದೆ. ಪೊಲೀಸರ ಬಾಯಲ್ಲಿ ಆ ಮಾತಿಗೆ ಅರ್ಥವಿಲ್ಲ ಎಂದು ಅವಳಿಗೆ ಗೊತ್ತಿರಲಿಲ್ಲ. ವರದಿ ಹಾಗೆಯೇ ಹೋಯಿತು, ನವೀಕರಣ ಆಯಿತು.

೨೦೨೪ರ ಮಾರ್ಚಿನಲ್ಲಿ ಲೋಕಸಭೆಯ ಚುನಾವಣೆ ಘೋಷಣೆಯಾದಾಗ ಯಾರ ಬಂದೂಕು ಠೇವಣಿಯಾಗಬೇಕೆಂದು ನಿರ್ಧರಿಸುವ ಜಿಲ್ಲಾ ಸಮಿತಿ ಕಳಿಸಿದ ಪಟ್ಟಿಯಂತೆ ನಮ್ಮ ಸರಹದ್ದಿನ ಬಂದೂಕುಗಳನ್ನು ಠಾಣೆಗೆ ತರಿಸಿಕೊಂಡೆವು. ಗುರಪ್ಪನವರದು ಮುದ್ದೇಮಾಲು ಕೋಣೆಯ ಮೂಲೆಯಲ್ಲಿ ಚೀಟಿ ಕಟ್ಟಿಸಿಕೊಂಡು ನಿಂತಿತ್ತು. ಜೂನ್ ಮೊದಲ ವಾರ ಫಲಿತಾಂಶ ಬಂತು, ಹಿಂದಿರುಗಿಸುವ ಕೆಲಸ ಶುರುವಾಯಿತು. ಆ ಗುರುವಾರ ಸ್ವಾಮಿಗಳ ದರ್ಶನಕ್ಕೆಂದು ಅಕ್ಕಲಕೋಟೆಗೆ ಹೊರಟವಳು ದಾರಿಯಲ್ಲಿ ಬಸ್ಸಿಳಿದು ಮಹಾದೇವಿ ಠಾಣೆಗೆ ಬಂದಳು. ಜೊತೆಗೆ ದೊಡ್ಡ ಮಗಳು ಭಾಗ್ಯಶ್ರೀ, ಒಂಬತ್ತನೆಯ ತರಗತಿಯ ಹುಡುಗಿ. ಮಹಾದೇವಿಯ ಕೈಯಲ್ಲಿ ನೋಟುಬುಕ್ಕಿನಿಂದ ಹರಿದ ಒಂದು ಹಾಳೆ.

“ಮೂರ ತಿಂಗಳಾತ್ರಿ, ಕಣ್ಣ ತುಂಬ ನಿದ್ದಿ ಮಾಡೀನಿ. ಅದು ಇಲ್ಲೇ ಇರಲಿ ಬಿಡ್ರಿ. ಈಕಿ ಕಡೆಯಿಂದ ಅರ್ಜಿ ಬರೆಸೀನಿ.”

ಮರಾಠಿಯಲ್ಲಿ ಐದು ಸಾಲು, ಶಾಲೆಯ ಮಕ್ಕಳ ಅಚ್ಚುಕಟ್ಟಾದ ಅಕ್ಷರ. ನಮ್ಮ ಮನೆಯ ಬಂದೂಕಿನ ಬಗ್ಗೆ ನನ್ನ ಹರಕತ್ ಇದೆ, ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳಿದ್ದಾರೆ, ಬಂದೂಕನ್ನು ಠಾಣೆಯಲ್ಲೇ ಇಟ್ಟುಕೊಳ್ಳಬೇಕು, ಇತ್ಯಾದಿ. ಕೆಳಗೆ ಕನ್ನಡದಲ್ಲಿ ಮಹಾದೇವಿಯ ಸಹಿ. ಪರವಾನಗಿ ಇರುವವರ ಸಹಿ ಬೇಕಾಗುತ್ತದೆ, ನಿನ್ನದು ನಡೆಯುವುದಿಲ್ಲ ಎಂದೆ. ಅದು ಸುಳ್ಳು. ಯಾರ ತಕರಾರನ್ನಾದರೂ ಸ್ವೀಕರಿಸಿ, ನೋಂದಾಯಿಸಿ, ಮೇಲಕ್ಕೆ ಕಳಿಸುವುದು ನನ್ನ ಕೆಲಸವಾಗಿತ್ತು. ಆದರೆ ಕಳಿಸಿದ್ದರೆ ಹಿಂದಿನ ವರ್ಷದ ನನ್ನ ವರದಿಯ ಪಕ್ಕದಲ್ಲೇ ಇದನ್ನೂ ಇಟ್ಟು ಓದುತ್ತಿದ್ದರು. ಅವಳು ಹಾಳೆಯನ್ನು ವಾಪಸು ಕೇಳಲಿಲ್ಲ, ನಾನು ಅದನ್ನು ನನ್ನ ಡೈರಿಯೊಳಗೆ ಇಟ್ಟುಕೊಂಡೆ. ಮರುದಿನ ಮಲ್ಲಿನಾಥ ಬಂದು ಬಂದೂಕು ಒಯ್ದ.

ಆ ವರ್ಷ ಮಳೆಗಾಲದಲ್ಲಿ ಬೇರೆ ಜಿಲ್ಲೆಯ ಒಂದು ಮದುವೆ ಮೆರವಣಿಗೆಯಲ್ಲಿ ಹಾರಿಸಿದ ಗುಂಡು ಬ್ಯಾಂಡು ಬಾರಿಸುವವನ ಭುಜಕ್ಕೆ ತಗುಲಿತು. ಪತ್ರಿಕೆಗಳಲ್ಲಿ ಬಂತು, ಚರ್ಚೆ ಎದ್ದಿತು. ಕಾಯ್ದೆ ಸಾಲದು, ಇನ್ನೂ ಬಿಗಿಯಾಗಬೇಕು ಎಂದು ಕೆಲವರು. ರೈತನ ಕೈಯಲ್ಲಿರುವುದೊಂದು ಕೋಲು, ಅದನ್ನೂ ಕಸಿಯುತ್ತೀರಾ ಎಂದು ಕೆಲವರು. ಸೊಲ್ಲಾಪುರದ ನವೀಪೇಠೆಯಲ್ಲಿ ನನಗೆ ಪರಿಚಯದ ಒಬ್ಬ ಜವಳಿ ವ್ಯಾಪಾರಿ ಇದ್ದರು. ಹಳ್ಳಿಯವರ ಬಂದೂಕನ್ನೆಲ್ಲ ಒಂದೇ ದಿನದಲ್ಲಿ ಜಪ್ತಿ ಮಾಡಬೇಕು ಎಂದು ಅಂಗಡಿಯಲ್ಲಿ ಕುಳಿತು ಗುಡುಗಿದ ಆ ಶೇಠಜಿ, ನಾನು ಎದ್ದು ಹೊರಟಾಗ ತಮ್ಮ ರಿವಾಲ್ವರಿನ ಅರ್ಜಿ ಎಲ್ಲಿಗೆ ಬಂತು ಎಂದು ಕಿವಿಯಲ್ಲಿ ಕೇಳಿದರು. ಹಳ್ಳಿಯವರೂ ಅಷ್ಟೇ, ಪೇಟೆಯವರ ರಿವಾಲ್ವರೇ ಅಪಾಯ ಎನ್ನುವವರು. ತನ್ನ ಎಲೆಯಲ್ಲಿ ಹೆಗ್ಗಣ ಬಿದ್ದಿದ್ದರೂ ಇನ್ನೊಬ್ಬರ ಎಲೆಯ ನೊಣ ಕಾಣುತ್ತದೆ. ಇನ್ನೊಬ್ಬರಿಗೆ ಕಾಯ್ದೆ ಬಿಗಿಯಾಗಬೇಕು ಎನ್ನದವರನ್ನು ನಾನು ಕಾಣಲಿಲ್ಲ, ತನಗೂ ಅದು ಬಿಗಿಯಾಗಲಿ ಎಂದವರನ್ನೂ ಕಾಣಲಿಲ್ಲ.

ಬಂದೂಕಿರುವ ಊರುಗಳಿಗೆ ಹೋಗಿ ಕಾಯ್ದೆ ತಿಳಿಸಿ, ಜನಾಭಿಪ್ರಾಯ ಕೇಳಿ ವರದಿ ಕೊಡಿ ಎಂದು ನಮ್ಮ ಸಾಹೇಬರು ಹೇಳಿದರು. ಸೆಪ್ಟೆಂಬರಿನ ಕೊನೆಯಲ್ಲಿ ಗುರಪ್ಪನವರ ಊರಿನ ಚಾವಡಿಯಲ್ಲಿ ಸಭೆ ಸೇರಿತು. ಗಂಡಸರು ಎಂಬತ್ತು ತೊಂಬತ್ತು ಜನ, ಹಿಂದೆ ಗೋಡೆಗೆ ಆತು ಹತ್ತಾರು ಹೆಂಗಸರು.

ಆ ಊರಿನ ಒಂದು ಪದ್ಧತಿಯಿಂದ ಮುಂದಿನದೆಲ್ಲ ಆಯಿತು. ದಸರೆಯ ಹಿಂದಿನ ದಿನ ಖಂಡೇನವಮಿ, ಆಯುಧಗಳ ಪೂಜೆ. ನೇಗಿಲು, ಕುಡಗೋಲು, ಟ್ರ್ಯಾಕ್ಟರು ಎಲ್ಲಕ್ಕೂ ಪೂಜೆ ನಡೆಯುತ್ತದೆ, ಬಂದೂಕಿಗೂ. ಆದರೆ ಬಂದೂಕನ್ನು ಬರಿದಾಗಿ ಪೂಜಿಸಬಾರದು. ಆಯುಧವನ್ನು ಉಪವಾಸ ಇಟ್ಟು ಅದರ ಮುಂದೆ ನೈವೇದ್ಯ ಹಿಡಿಯುವುದು ಅಪಚಾರ ಎಂದು ಅವರ ನಂಬಿಕೆ. ಅದಕ್ಕೆ ಮೊದಲು ಮದ್ದು, ಛರ್ರೆ, ಕೇಪು ಎಲ್ಲ ತುಂಬುತ್ತಾರೆ, ಆಮೇಲೆ ಕುಂಕುಮ, ಚೆಂಡುಹೂವು. ಮರುದಿನ ಬನ್ನಿ ಮುಡಿದು ಬರುವಾಗ ಮನೆಯ ಹಿರಿಯ ಊರ ಅಗಸೆಬಾಗಿಲ ಮುಂದೆ ನಿಂತು ಆಕಾಶಕ್ಕೆ ಹಾರಿಸುತ್ತಾನೆ. ಅಲ್ಲಿಗೆ ಬಂದೂಕು ಖಾಲಿಯಾಗಿ ಮತ್ತೆ ಗೂಟಕ್ಕೆ ಹೋಗುತ್ತದೆ. ತುಂಬುವುದಕ್ಕೂ ಹಾರಿಸುವುದಕ್ಕೂ ನಡುವೆ ಒಂದು ರಾತ್ರಿ ಮಾತ್ರ. ಅಜ್ಜಂದಿರು ಏನನ್ನು ಕಟ್ಟಿದ್ದರೋ ಅದರಲ್ಲಿ ಒಂದು ಲೆಕ್ಕವಿತ್ತು ಎಂದು ನನಗೆ ಹೊಳೆದದ್ದು ಬಹಳ ತಡವಾಗಿ.

ನಾನು ಕಾಯ್ದೆಯ ಕಲಮು ಓದಿ ಹೇಳಿದೆ. ಬನ್ನಿಯ ದಿನ ಹಾರಿಸುವುದೂ ಜನ ಸೇರಿದ ಜಾಗದಲ್ಲಿ ಸಂಭ್ರಮಕ್ಕೆ ಹಾರಿಸಿದಂತೆಯೇ, ಇನ್ನು ಮುಂದೆ ಕೇಸು ಬೀಳುತ್ತದೆ ಎಂದೆ. ಗದ್ದಲ ಎದ್ದಿತು. ನಾಳೆ ದೇವರ ಆರತಿಗೂ ಪರವಾನಗಿ ಕೇಳುತ್ತೀರಿ ಎಂದ ಒಬ್ಬ. ಈ ಸಭೆ ಜಗಳವಾಗಿ ಮುಗಿದರೆ ವರದಿ ಕೆಡುತ್ತದೆ ಎಂದು ನನಗೆ ಚಿಂತೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಒಂದು ರಾಜಿಯ ದಾರಿ ತೆಗೆದೆ.

“ಪೂಜಾ ನಿಮ್ಮ ಮನೀದು, ಅದಕ್ಕ ನಾ ಅಡ್ಡ ಬರಂಗಿಲ್ಲ. ನಿಮ್ಮ ಪದ್ಧತಿ ಹ್ಯಾಂಗೈತಿ ಹಂಗ ಮಾಡ್ರಿ. ಹಾರಿಸೂದ ಒಂದು ಬಿಡ್ರಿ.”

ಸಭೆ ತಣ್ಣಗಾಯಿತು. ಗುರಪ್ಪನವರು ಎದ್ದು ನಿಂತರು. “ಸರಕಾರದ ಮಾತಿಗಿ ಮಾನ ಕೊಡಬೇಕು. ಈ ಸರ್ತಿ ನಾ ಹಾರಸಂಗಿಲ್ಲ. ಮಾತ ಕೊಟ್ಟೀನಿ.” ಅವರು ಎದ್ದ ಮೇಲೆ ಉಳಿದವರೂ ತಲೆಯಾಡಿಸಿದರು.

ಆಗ ಹಿಂದಿನಿಂದ ಮಹಾದೇವಿಯ ದನಿ ಕೇಳಿತು. “ತುಂಬಿದ್ದನ್ನ ತಗಿಯೂದ ಹ್ಯಾಂಗ್ರಿ, ಹಾರಸಲಿಲ್ಲಂದ್ರ?”

ಗಂಡಸರು ತಿರುಗಿ ನೋಡಿ ನಕ್ಕರು. ನನಗೂ ನಗು ಬಂತು, ಅದನ್ನು ಒಪ್ಪಿಕೊಳ್ಳಲೇಬೇಕು. ಮಾವನ ಎದುರಿಗೆ ತುಂಬಿದ ಚಾವಡಿಯಲ್ಲಿ ಬಾಯಿ ತೆರೆದ ಸೊಸೆ ಎಂಬುದಷ್ಟೇ ನನಗೆ ಕಂಡಿತು. “ಅದನ್ನ ಗಂಡಸ್ರು ನೋಡ್ಕೋತಾರ ಬಿಡು ತಂಗಿ” ಎಂದೆ. ಆಮೇಲೆ ಕೈ ಎತ್ತಿಸಿದೆ. ಬಂದೂಕು ಊರಿನಲ್ಲಿ ಇರಬೇಕು ಎನ್ನುವವರಿಗೆ ಎಲ್ಲ ಗಂಡಸರ ಕೈ ಮೇಲೆದ್ದವು. ಬೇಡ ಎನ್ನುವವರು ಎಂದಾಗ ಯಾರೂ ಎತ್ತಲಿಲ್ಲ. ಹೆಂಗಸರ ಕಡೆ ನಾನು ನೋಡಲಿಲ್ಲ. ಜನಾಭಿಪ್ರಾಯ ಒಮ್ಮತದಿಂದಿದೆ, ಕಾಯ್ದೆಯನ್ನು ಗ್ರಾಮಸ್ಥರು ಮನಃಪೂರ್ವಕ ಒಪ್ಪಿದ್ದಾರೆ ಎಂದು ಬರೆದೆ. ಒಳ್ಳೆಯ ಕೆಲಸ ಎಂದು ಸಾಹೇಬರ ಶರಾ ಬಂತು.

ದಸರೆ ಮುಗಿದ ಮೂರನೆಯ ದಿನ, ಅಕ್ಟೋಬರ್ ಹದಿನೈದಕ್ಕೆ, ವಿಧಾನಸಭೆಯ ಚುನಾವಣೆ ಘೋಷಣೆಯಾಯಿತು. ಮತ್ತೆ ಪಟ್ಟಿ, ಮತ್ತೆ ಬಂದೂಕುಗಳನ್ನು ತರಿಸುವ ಕೆಲಸ. ಕೆಲವು ದಿನ ಬಿಟ್ಟು ನನ್ನ ಕೈಗೆ ಪಟ್ಟಿ ಬಂತು. ಬೆಳಿಗ್ಗೆ ಹತ್ತರ ಸುಮಾರಿಗೆ ಒಬ್ಬೊಬ್ಬರಿಗೇ ಫೋನು ಮಾಡುತ್ತ ಕುಳಿತೆ. ಗುರಪ್ಪನವರ ಫೋನನ್ನು ಮಹಾದೇವಿ ಎತ್ತಿದಳು.

“ಮಾವಾರು ಫೋನ್ ಚಾರ್ಜಿಂಗಿಗಿ ಹಾಕಿ ಹೊಲಕ್ಕ ಹೋಗ್ಯಾರ್ರಿ. ಇವರೂ ಹೋಗ್ಯಾರ.”

“ಬಂದೂಕ ಇವತ್ತ ಠಾಣೆಕ್ಕ ಬರಬೇಕಂತ ಹೇಳು ತಂಗಿ. ಎಲೆಕ್ಷನ್ ಐತಿ.”

ಅವಳ ದನಿಯಲ್ಲಿ ಸಂತೋಷವಿತ್ತು. ಅದನ್ನು ನಾನು ಕಲ್ಪಿಸಿಕೊಂಡು ಹೇಳುತ್ತಿಲ್ಲ. “ಇವತ್ತಾ ಏನ್ರಿ? ಅವರು ಬರೂದ್ರಾಗ ನಾನಾ ತಗದ ಒರಸಿ ಇಟ್ಟಿರತೀನ್ರಿ. ತಡಾ ಆಗಬಾರದು.”

“ಚಲೋ ಆತು” ಎಂದು ಫೋನಿಟ್ಟೆ.

ತಗೀಬೇಡ, ತುಂಬಿರಬಹುದು, ಮುಟ್ಟಬೇಡ ಎನ್ನಬೇಕಾದವನು ನಾನು. ಆ ಮನೆಯ ಪದ್ಧತಿ ನನಗೆ ಗೊತ್ತಿತ್ತು. ಹಾರಿಸಬೇಡಿ ಎಂದು ಹೇಳಿದವನೂ ನಾನೇ. ಗುರಪ್ಪನವರು ಮಾತಿಗೆ ತಪ್ಪುವವರಲ್ಲ ಎಂಬುದೂ ತಿಳಿದಿತ್ತು. ಈ ಮೂರನ್ನೂ ಒಂದು ಕಡೆ ಇಟ್ಟು ನೋಡುವುದಕ್ಕೆ ದೊಡ್ಡ ಬುದ್ಧಿ ಬೇಕಿರಲಿಲ್ಲ. ಗಂಡಸರು ನೋಡಿಕೊಳ್ಳುತ್ತಾರೆ ಎಂದು ಚಾವಡಿಯಲ್ಲಿ ನಾನಾಡಿದ ಮಾತನ್ನು ನಂಬಿ, ಬಂದೂಕು ಖಾಲಿಯಾಗಿದೆ ಎಂದೇ ಅವಳು ತಿಳಿದಿರಬೇಕು. ನನ್ನ ಕಣ್ಣು ಪಟ್ಟಿಯ ಮುಂದಿನ ಹೆಸರಿನ ಮೇಲಿತ್ತು.

ಹತ್ತೂವರೆಗೆ ಊರಿನಿಂದ ಫೋನು ಬಂತು. ಸಾಹೇಬರ ಜೀಪಿನಲ್ಲಿ ನಾನೂ ಹೋದೆ. ಮಹಾದೇವಿ ಒಲೆಯ ಪಕ್ಕದಲ್ಲಿ ಬಿದ್ದಿದ್ದಳು. ಹತ್ತಲಿಕ್ಕೆಂದು ಇಟ್ಟುಕೊಂಡ ಸ್ಟೂಲು ಮಗುಚಿತ್ತು. ಹುರಿ ಬಿಚ್ಚಿ ಎಳೆಯುವಾಗ ಬಂದೂಕು ಜಾರಿ, ಕುದುರೆ ಬಾಗಿಲಿನ ಚೌಕಟ್ಟಿಗೆ ಬಡಿದಿತ್ತು. ನಳಿಕೆ ಅವಳ ಕಡೆಗೇ ಇತ್ತು. ಕೊರಳ ಕೆಳಗೆ ತಗುಲಿದ್ದರಿಂದ ಹೆಚ್ಚು ಹೊತ್ತು ಬದುಕಿರಲಿಲ್ಲ ಎಂದು ವೈದ್ಯರು ಆಮೇಲೆ ಬರೆದರು. ನಳಿಕೆಗೆ ಸುತ್ತಿದ್ದ ಚೆಂಡುಹೂವಿನ ಮಾಲೆ ಒಣಗಿತ್ತು. ಒದ್ದೆ ಅರಿವೆಯೊಂದು ಅವಳ ಕೈಯಲ್ಲೇ ಇತ್ತು, ಒರೆಸಿ ಇಡುತ್ತೇನೆ ಎಂದಿದ್ದಳಲ್ಲ.

ಸ್ಥಳ ಪಂಚನಾಮೆ ಬರೆಯಲು ಸಾಹೇಬರು ನನಗೇ ಹೇಳಿದರು, ಅಕ್ಷರ ಚೆನ್ನಾಗಿದೆಯಲ್ಲ. ಬರೆದೆ. ಗೋಡೆಯಿಂದ ಇಷ್ಟು ಅಡಿ, ಹೊಸ್ತಿಲಿನಿಂದ ಇಷ್ಟು ಅಡಿ. ನಡುವೆ ಎರಡು ಸಲ ಹೊರಗೆ ಹೋಗಿ ಮುಖ ತೊಳೆದುಕೊಂಡು ಬಂದೆ. ಗುರಪ್ಪನವರು ಕಟ್ಟೆಯ ಮೇಲೆ ಕುಳಿತಿದ್ದರು. ಹೊಲದ ಕೆಸರು ಕಾಲಿನ ಮೇಲೆ ಹಾಗೇ ಇತ್ತು. ನನ್ನನ್ನು ನೋಡಿ ಒಂದೇ ಮಾತು ಹೇಳಿದರು.

“ನೀವ ಹಾರಿಸಬ್ಯಾಡ ಅಂದ್ರಿ. ನಾ ಹಾರಿಸಲಿಲ್ಲ.”

ಅವರ ಮೇಲೆ ನಿರ್ಲಕ್ಷ್ಯದ ಕೇಸು ದಾಖಲಾಯಿತು. ತುಂಬಿದ ಬಂದೂಕನ್ನು ಮನೆಯಲ್ಲಿ ತೂಗುಹಾಕಿದ್ದು ಅವರ ತಪ್ಪು ಎಂಬುದರಲ್ಲಿ ಸಂಶಯವಿಲ್ಲ. ಆದರೆ ಆ ತಪ್ಪಿನ ಅರ್ಧ ಭಾಗಕ್ಕೆ ಕೇಸು ಬಿತ್ತು, ಉಳಿದರ್ಧಕ್ಕೆ ಬೀಳಲಿಲ್ಲ. ತನಿಖೆಯ ಅಧಿಕಾರಿ ನನ್ನ ಹೇಳಿಕೆ ಪಡೆದಾಗ ಫೋನಿನ ವಿಷಯ ಹೇಳಿದೆ, ಸಭೆಯ ವಿಷಯವನ್ನೂ ಹೇಳಿದೆ. ಡೈರಿಯಲ್ಲಿದ್ದ ಹಾಳೆಯ ವಿಷಯ ಹೇಳಲಿಲ್ಲ. ನಿವೃತ್ತಿಗೆ ಏಳು ತಿಂಗಳಿತ್ತು, ಹೆದರಿದೆ. ಇದಕ್ಕಿಂತ ಒಳ್ಳೆಯ ಕಾರಣ ನನ್ನ ಹತ್ತಿರ ಇಲ್ಲ.

ಚರ್ಚೆ ಮಾತ್ರ ಜೋರಾಗಿ ನಡೆಯಿತು. ನೋಡಿ, ಕಾಯ್ದೆ ಸಡಿಲ ಇದ್ದದ್ದಕ್ಕೇ ಒಂದು ಹೆಣ್ಣಿನ ಜೀವ ಹೋಯಿತು ಎಂದು ನವೀಪೇಠೆಯ ಶೇಠಜಿ ತಮ್ಮ ಅಂಗಡಿಯಲ್ಲಿ ಹೇಳಿದರು. ಊರಿನಲ್ಲಿ ಅದರ ತಿರುವುಮುರುವು. ಅಜ್ಜನ ಕಾಲದಿಂದ ಹಾರಿಸಿಕೊಂಡು ಬಂದೆವು, ಒಂದು ಕೋಳಿಯೂ ಸಾಯಲಿಲ್ಲ, ಕಾಯ್ದೆ ಊರಿಗೆ ಬಂದ ವರ್ಷವೇ ಹೆಣ ಬಿತ್ತು ಎಂದರು. ಇನ್ನೂ ಕೆಲವರು, ನವಮಿಯ ಪೂಜೆ ಮಾಡಿದ ಆಯುಧವನ್ನು ಹೆಂಗಸು ಮುಟ್ಟಿದ್ದೇಕೆ ಎಂದರು. ಎಲ್ಲರೂ ಅವಳ ಸಾವನ್ನು ಹಿಡಿದು ತಾವು ಮೊದಲೇ ಆಡುತ್ತಿದ್ದ ಮಾತನ್ನು ಇನ್ನಷ್ಟು ಗಟ್ಟಿಯಾಗಿ ಆಡಿದರು. ಅವಳು ಠಾಣೆಗೆ ಬಂದು ಏನು ಕೇಳಿದ್ದಳು ಎಂಬುದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದವನು ಬಾಯಿ ಮುಚ್ಚಿಕೊಂಡು ಮುದ್ದೇಮಾಲು ಕೋಣೆಯಲ್ಲಿ ಬಂದೂಕಿಗೆ ಹೊಸ ಚೀಟಿ ಕಟ್ಟುತ್ತಿದ್ದ. ಇಲ್ಲೇ ಇರಲಿ ಬಿಡ್ರಿ ಎಂದಿದ್ದಳು, ಈಗ ಇಲ್ಲೇ ಇತ್ತು.

೨೦೨೫ರ ಮೇ ಕೊನೆಯ ದಿನ ನಿವೃತ್ತನಾದೆ. ಶಾಲು, ತೆಂಗಿನಕಾಯಿ, ಭಾಷಣ ಎಲ್ಲ ಆಯಿತು. ಆಗಿಹೋದದ್ದಕ್ಕೆ ಚಿಂತಿಸಿ ಏನು ಫಲ ಎಂದು ಮನೆಯವರು ಸಮಾಧಾನ ಹೇಳಿದರು. ಆರು ತಿಂಗಳು ಕಳೆದ ಮೇಲೆ ಠಾಣೆಯ ಹಳೆಯ ಜೊತೆಗಾರರಿಂದ ಒಂದು ಸುದ್ದಿ ಬಂತು. ಮಲ್ಲಿನಾಥ ತನ್ನ ಹೆಸರಿನಲ್ಲಿ ಬೆಳೆ ರಕ್ಷಣೆಗೆ ಹೊಸ ಬಂದೂಕಿನ ಪರವಾನಗಿಗೆ ಅರ್ಜಿ ಹಾಕಿದ್ದ. ಆ ವರ್ಷದ ಸೇಂಗಾವನ್ನು ಹಂದಿಗಳು ತಿಂದು ಹಾಕಿದ್ದವು ಎಂಬುದೂ ನಿಜವೇ. ಅರ್ಜಿಯ ಜೊತೆಗೆ ಊರಿನವರ ಸಾಮೂಹಿಕ ಪತ್ರ, ಹಳೆಯ ಕಡತದಿಂದ ತೆಗೆದ ನನ್ನ ೨೦೨೩ರ ವರದಿಯ ನಕಲು. ಮನೆಯ ಹೆಂಗಸರ ಹರಕತ್ ಇಲ್ಲ.

ಅವತ್ತು ಸಂಜೆಯವರೆಗೆ ಡೈರಿ ಹಿಡಿದು ಕುಳಿತಿದ್ದೆ. ಮರುದಿನ ಸೊಲ್ಲಾಪುರದಲ್ಲಿ ಪರವಾನಗಿ ಕೊಡುವ ಜಿಲ್ಲಾ ಕಚೇರಿಗೆ ಹೋಗಿ, ಆ ವರದಿಯ ಸಾಲು ಸುಳ್ಳು, ಅದನ್ನು ಬರೆದವನು ನಾನು ಎಂದು ಲಿಖಿತವಾಗಿ ಕೊಟ್ಟೆ. ಮಹಾದೇವಿಯ ಹಾಳೆಯನ್ನೂ ಲಗತ್ತಿಸಿದೆ. ಇದು ಅವಳದೇ ಎಂಬುದಕ್ಕೆ ಸಾಕ್ಷಿ ಏನು ಎಂದು ಕೇಳಿದರು. ಬರೆದವಳು ಅವಳ ದೊಡ್ಡ ಮಗಳು, ಕರೆಸಿ ಕೇಳಿ ಎಂದೆ. ಹೇಳುವಾಗ ನನಗೆ ಎದೆ ಹಗುರಾಗಿತ್ತು. ಕೊನೆಗಾದರೂ ಒಂದು ಸರಿಯಾದ ಕೆಲಸ ಮಾಡುತ್ತಿದ್ದೇನೆ ಎನಿಸಿತ್ತು.

ವಿಚಾರಣೆಯ ದಿನ ಮಲ್ಲಿನಾಥ ಮಗಳನ್ನು ಕರೆದುಕೊಂಡು ಬಂದ. ಊರಿನ ನಾಲ್ಕೈದು ಹಿರಿಯರೂ ಜೀಪಿನಲ್ಲಿ ಬಂದಿದ್ದರು. ಗುರಪ್ಪನವರು ಬಂದಿರಲಿಲ್ಲ, ಅವರು ಈಗ ಮನೆಬಿಟ್ಟು ಹೊರಗೆ ಬರುವುದಿಲ್ಲವಂತೆ. ಮಲ್ಲಿನಾಥ ಬಹಳ ಇಳಿದುಹೋಗಿದ್ದ. ನನ್ನನ್ನು ನೋಡಿ ಮುಖ ತಿರುಗಿಸಲಿಲ್ಲ. “ಆಕಿ ಅಂತೂ ಹೋದ್ಲು. ಹೊಲ ಐತಲ್ರಿ, ಅದನ್ನ ಯಾರ ಕಾಯಬೇಕು?” ಎಂದು ನನ್ನನ್ನೇ ಕೇಳಿದ.

ವಿಚಾರಣೆ ನಡೆಸಿದ ಆ ಕಚೇರಿಯ ಅಧಿಕಾರಿ ಶಾಂತ ಸ್ವಭಾವದವರು. ಭಾಗ್ಯಶ್ರೀಯನ್ನು ಹತ್ತಿರ ಕರೆದು, ಹಾಳೆಯನ್ನು ಮುಂದಿಟ್ಟು, ಈ ಅಕ್ಷರ ನಿನ್ನದೇ ಎಂದು ಮರಾಠಿಯಲ್ಲಿ ಕೇಳಿದರು. ಹುಡುಗಿ ಹಾಳೆಯನ್ನು ಬಹಳ ಹೊತ್ತು ನೋಡಿದಳು. ಅಪ್ಪ ಎರಡು ಮಾರು ದೂರದಲ್ಲಿ ನಿಂತಿದ್ದ, ಅವನ ಹಿಂದೆ ಊರು ನಿಂತಿತ್ತು. ಯಾರೂ ಅವಳಿಗೆ ಕಣ್ಣು ಬಿಡಲಿಲ್ಲ, ಗದರಲಿಲ್ಲ. ಅದರ ಅಗತ್ಯವೂ ಇರಲಿಲ್ಲ.

“ನನಗ ಗೊತ್ತಿಲ್ರಿ” ಎಂದಳು.

ಸಹಿ ನಿನ್ನ ಅವ್ವನದೇ ಎಂದು ಕೇಳಿದಾಗಲೂ ಅದೇ ಮಾತು. ಹರಕತ್ತಿಗೆ ಪುರಾವೆ ಇಲ್ಲವೆಂದು ಬರೆದುಕೊಂಡರು. ಪುರಾವೆ ಇಲ್ಲದಿದ್ದರೆ ಅವರು ಬೇರೇನು ಬರೆಯಬೇಕು? ಸುಳ್ಳು ವರದಿ ಕೊಟ್ಟದ್ದಕ್ಕೆ ನನ್ನ ಮೇಲೆ ಇಲಾಖೆಯ ನೋಟೀಸು ಬರುತ್ತದೆ ಎಂದು ತಿಳಿಸಿದರು. ಅದು ಬಂದಿದೆ, ನಾನು ಒಪ್ಪಿಕೊಂಡು ಉತ್ತರವನ್ನೂ ಕೊಟ್ಟಿದ್ದೇನೆ.

ಹೊರಗೆ ಬೇವಿನ ಮರದ ಕೆಳಗೆ ಹುಡುಗಿ ಒಬ್ಬಳೇ ನಿಂತಿದ್ದಳು. ಗಂಡಸರು ಚಹಾಕ್ಕೆ ಹೋಗಿದ್ದರು. ನಾನು ಹತ್ತಿರ ಹೋಗಿ, ಅವ್ವ ಮಗಳು ಠಾಣೆಗೆ ಬಂದದ್ದು ನೆನಪಿದೆಯಲ್ಲವ್ವಾ ಎಂದೆ. ನನ್ನ ದನಿಯಲ್ಲಿ ಆಕ್ಷೇಪ ಇತ್ತೇನೋ.

ಅವಳು ತಲೆ ಎತ್ತದೆ ಹೇಳಿದಳು. “ಎಲ್ಲಾ ನೆಪ್ಪೈತ್ರಿ ಕಾಕಾ. ಆದ್ರ ನಾ ಈಗ ಅವರ ಕೂಡ ಅದಾ ಜೀಪಿನ್ಯಾಗ ಕೂತು ಮನೀಗಿ ಹೋಗಬೇಕ್ರಿ. ಅದಾ ಒಲಿ ಮುಂದ ಕೂತ ರೊಟ್ಟಿ ಮಾಡಬೇಕು. ನೀವ ಬಸ್ ಹತ್ತಿ ನಿಮ್ಮ ಮನೀಗಿ ಹೋಗತೀರಿ.”

ಅವಳ ತಾಯಿ ಮೊದಲ ಸಲ ಮಾತಾಡಿದ್ದು ಮಾವ ಎದುರಿಗಿದ್ದಾಗ, ನಾನು ಬರೆಯಲಿಲ್ಲ. ಎರಡನೆಯ ಸಲ ಮಗಳ ಜೊತೆ ಠಾಣೆಗೇ ಬಂದು ಹೇಳಿದಾಗ ನಾನು ಸುಳ್ಳು ಹೇಳಿ ಕಳಿಸಿದೆ. ಮೂರನೆಯ ಸಲ ತುಂಬಿದ ಚಾವಡಿಯಲ್ಲಿ ಕೇಳಿದಾಗ ನಕ್ಕೆ. ಅಷ್ಟು ಧೈರ್ಯದ ಹೆಣ್ಣನ್ನು ಕಳೆದುಕೊಂಡ ಮೇಲೂ ಬುದ್ಧಿ ಬರದೆ, ಹದಿನೈದು ವರ್ಷದ ಅವಳ ಮಗಳನ್ನು ಕರೆಸಿ ಅದೇ ಜನರ ನಡುವೆ ನಿಲ್ಲಿಸಿ ನಿಜ ಹೇಳು ಎಂದೆ.

ಬಂದೂಕಿನ ಕಾಯ್ದೆ ಬಿಗಿಯಾಗಬೇಕೇ, ಸಡಿಲಾಗಬೇಕೇ ಎಂದು ಈಗಲೂ ಜನ ನನ್ನನ್ನು ಕೇಳುತ್ತಾರೆ. ಬಿಗಿಯಾಗಬೇಕು ಎಂದೇ ಹೇಳುತ್ತೇನೆ, ಆದರೆ ಹೇಳುವಾಗ ನನಗೆ ಅದರಲ್ಲಿ ದೊಡ್ಡ ಭರವಸೆ ಇಲ್ಲ. ಎಷ್ಟೇ ಬಿಗಿಯಾದ ಕಾಯ್ದೆಯೂ ಕೊನೆಗೆ ನನ್ನಂಥ ಒಬ್ಬನ ಕೈಯಲ್ಲಿ, ಊರಿಗೆ ಹೋಗುವ ಮೊದಲೇ ಬರೆದಿಟ್ಟ ಹಾಳೆಯ ರೂಪದಲ್ಲಿ ಆ ಮನೆಯ ಹೊಸ್ತಿಲಿಗೆ ಬರುತ್ತದೆ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಜನರ ಹೇಳಿಕೆ ಬರೆದುಕೊಂಡವನಿಗೆ ಕೆಲಸ ಕಲಿಸಿದ್ದು ಒಂದೇ ಪಾಠ. ಅಭಿಪ್ರಾಯ ಕೇಳುವ ಮೊದಲು, ಯಾರ ಎದುರಿಗೆ ಕೇಳುತ್ತಿದ್ದೇವೆ, ಹೇಳಿದ ಮೇಲೆ ಹೇಳಿದವರು ಯಾರ ಮನೆಗೆ ಹಿಂದಿರುಗಬೇಕು ಎಂಬುದನ್ನು ನೋಡಿಕೊಳ್ಳಬೇಕು. ಇದನ್ನು ಕಲಿಯುವ ಹೊತ್ತಿಗೆ ನನ್ನ ಹತ್ತಿರ ಕೆಲಸ ಉಳಿದಿರಲಿಲ್ಲ.

ಹಾಳೆಯನ್ನು ನನಗೆ ವಾಪಸು ಕೊಟ್ಟರು. ಭಾಗ್ಯಶ್ರೀಗೆ ಕೊಡಲು ಹೋದೆ. ಅವಳು ಅವ್ವನ ಸಹಿಯ ಮೇಲೆ ಒಮ್ಮೆ ಬೆರಳಾಡಿಸಿ, “ಮನ್ಯಾಗ ಇಡಾಕ ಜಾಗಾ ಇಲ್ರಿ” ಎಂದು ತಿರುಗಿ ನನ್ನ ಕೈಯಲ್ಲೇ ಇಟ್ಟಳು. ಅಷ್ಟರಲ್ಲಿ ಅಪ್ಪ ಕರೆದ. ಅವಳು ಹೋಗಿ ಜೀಪಿನ ಹಿಂದಿನ ಸೀಟಿನಲ್ಲಿ, ಊರಿನ ಇಬ್ಬರು ಹಿರಿಯರ ನಡುವೆ ಕುಳಿತಳು.